ಪೈಥಾನ್: ಮೂರು ಮಾಡ್ಯೂಲುಗಳು ಹಂಚಿಕೊಂಡ ಗ್ಲೋಬಲ್ ವೇರಿಯಬಲ್ಲುಗಳಲ್ಲಿ ಒಂದು ಬದಲಾಗುತ್ತದೆ, ಇನ್ನೊಂದು ಬದಲಾಗುವುದಿಲ್ಲ

ಪದಶೋಧಕ (ಪ್ರಶ್ನೆ)

ನಮಸ್ಕಾರ. ಹಳೆಯ ಕನ್ನಡ ಪತ್ರಿಕೆಗಳ ಬೆರಳಚ್ಚು ಪಠ್ಯದಿಂದ ಪದಪಟ್ಟಿಯೊಂದನ್ನು ತಯಾರಿಸಲು ಪೈಥಾನಿನಲ್ಲಿ ಒಂದು ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಎಲ್ಲವೂ ಒಂದೇ ಫೈಲಿನಲ್ಲಿದ್ದಾಗ ಅದು ಸರಿಯಾಗಿ ನಡೆಯುತ್ತಿತ್ತು. ಸಾಲುಗಳು ಆರುನೂರು ದಾಟಿದ ಮೇಲೆ ಓದುವುದಕ್ಕೇ ಕಷ್ಟವಾಗಿ ಅದನ್ನು ಮೂರು ಮಾಡ್ಯೂಲುಗಳಾಗಿ (ಅಂದರೆ ಒಂದು ಇನ್ನೊಂದನ್ನು ಬಳಸುವ ಬೇರೆ ಬೇರೆ ಫೈಲುಗಳಾಗಿ) ಒಡೆದೆ. ತೊಂದರೆ ಅಲ್ಲಿಂದ ಆರಂಭವಾಯಿತು.

‘ಕೋಶ’ ಎಂಬ ಮಾಡ್ಯೂಲಿನಲ್ಲಿ ಎಲ್ಲರೂ ಬಳಸಬೇಕಾದ ಗ್ಲೋಬಲ್ ವೇರಿಯಬಲ್ಲುಗಳಿವೆ: ‘ಪದಗಳು’ ಎಂಬ ಖಾಲಿ ಸೆಟ್ (ಒಂದು ಪದವನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವ ಸಂಗ್ರಹ) ಮತ್ತು ‘ಒಟ್ಟು = 0’ ಎಂಬ ಎಣಿಕೆ. ‘ಶೋಧ’ ಎಂಬ ಮಾಡ್ಯೂಲಿನಲ್ಲಿರುವ ‘ಹುಡುಕು’ ಫಂಕ್ಷನ್ ಪಠ್ಯದ ಒಂದೊಂದೇ ಸಾಲನ್ನು ಬಿಡಿಸಿ, ಸಿಕ್ಕಿದ ಪದವನ್ನು ಸೆಟ್ಟಿಗೆ ಸೇರಿಸಿ, ಎಣಿಕೆಯನ್ನು ಒಂದರಷ್ಟು ಹೆಚ್ಚಿಸುತ್ತದೆ. ‘ಮುಖ್ಯ’ ಎಂಬ ಮೂರನೆಯ ಫೈಲು ಎಲ್ಲವನ್ನೂ ನಡೆಸಿ ಕೊನೆಯಲ್ಲಿ ಫಲಿತಾಂಶವನ್ನು ಮುದ್ರಿಸುತ್ತದೆ. ‘ಶೋಧ’ ಮತ್ತು ‘ಮುಖ್ಯ’ ಎರಡರ ಆರಂಭದಲ್ಲಿಯೂ ‘ಫ್ರಮ್ ಕೋಶ ಇಂಪೋರ್ಟ್ ಪದಗಳು, ಒಟ್ಟು’ ಎಂದು ಬರೆದಿದ್ದೇನೆ. (ಆಜ್ಞಾಪದಗಳನ್ನು ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ವೇರಿಯಬಲ್ಲುಗಳ ಹೆಸರುಗಳು ಫೈಲಿನಲ್ಲಿಯೂ ಕನ್ನಡದಲ್ಲಿಯೇ ಇವೆ, ಪೈಥಾನ್ 3 ಅದಕ್ಕೆ ಅವಕಾಶ ಕೊಡುತ್ತದೆ.)

ಮೊದಲ ಸಲ ನಡೆಸಿದಾಗ ‘ಒಟ್ಟು += 1’ ಎಂಬ ಸಾಲಿನಲ್ಲಿ, ಬೆಲೆ ಪಡೆಯದ ಒಳಹೆಸರನ್ನು ಬಳಸಲಾಗಿದೆ ಎನ್ನುವ ‘ಅನ್‌ಬೌಂಡ್‌ಲೋಕಲ್‌ಎರರ್’ ಬಂದಿತು. ಫಂಕ್ಷನ್ನಿನ ಒಳಗೆ ‘ಗ್ಲೋಬಲ್ ಒಟ್ಟು’ ಎಂದು ಘೋಷಿಸಬೇಕೆಂದು ತಿಳಿದು ಹಾಗೆ ಮಾಡಿದ ಮೇಲೆ ದೋಷ ಹೋಯಿತು. ಆದರೆ ಈಗ ಕೊನೆಯಲ್ಲಿ ‘ಮುಖ್ಯ’ ಮುದ್ರಿಸುವ ಉತ್ತರ ವಿಚಿತ್ರವಾಗಿದೆ: ಸೆಟ್ಟಿನಲ್ಲಿ 4,812 ಪದಗಳಿವೆ, ಅದು ಸರಿ, ‘ಒಟ್ಟು’ ಮಾತ್ರ 0 ಎಂದೇ ಇದೆ. ಅದೇ ‘ಒಟ್ಟು’ವನ್ನು ‘ಹುಡುಕು’ ಫಂಕ್ಷನ್ನಿನ ಒಳಗಿನಿಂದಲೇ ಮುದ್ರಿಸಿದರೆ 31,407 ಎಂದು ಸರಿಯಾಗಿ ತೋರಿಸುತ್ತದೆ.

ಎರಡೂ ಒಂದೇ ಮಾಡ್ಯೂಲಿನಲ್ಲಿ ಹುಟ್ಟಿದ, ಒಂದೇ ಸಾಲಿನಲ್ಲಿ ಇಂಪೋರ್ಟ್ ಆದ ವೇರಿಯಬಲ್ಲುಗಳಾಗಿರುವಾಗ ಒಂದರ ಬದಲಾವಣೆ ಎಲ್ಲ ಕಡೆಯೂ ಕಂಡು ಇನ್ನೊಂದರದು ಕಾಣದಿರಲು ಕಾರಣವೇನು? ‘ಗ್ಲೋಬಲ್’ ಎಂದು ಘೋಷಿಸಿದ ಮೇಲೂ ಅದು ಇಡೀ ಪ್ರೋಗ್ರಾಮಿಗೆ ಒಂದೇ ಆಗುವುದಿಲ್ಲವೇ? ದಯವಿಟ್ಟು ಪರಿಹಾರದ ಜೊತೆಗೆ ಕಾರಣವನ್ನೂ ತಿಳಿಸಬೇಕಾಗಿ ಕೋರುತ್ತೇನೆ.

ತುಂಗಾತೀರ

ಪದಶೋಧಕರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಗೊಂದಲದ ಬೇರು ಅಲ್ಲಿಯೇ ಇದೆ. ಪೈಥಾನಿನಲ್ಲಿ ‘ಗ್ಲೋಬಲ್’ ಎಂದರೆ ಇಡೀ ಪ್ರೋಗ್ರಾಮಿಗೆ ಸೇರಿದ್ದು ಎಂದರ್ಥವಲ್ಲ. ಆ ಮಾಡ್ಯೂಲಿಗೆ ಸೇರಿದ್ದು ಎಂದಷ್ಟೇ ಅರ್ಥ. ಪ್ರತಿ ಮಾಡ್ಯೂಲಿಗೂ ತನ್ನದೇ ಆದ ಹೆಸರುಗಳ ಡಿಕ್ಷನರಿಯೊಂದಿರುತ್ತದೆ, ಮತ್ತು ‘ಗ್ಲೋಬಲ್ ಒಟ್ಟು’ ಎಂಬ ಘೋಷಣೆಯು ‘ಈ ಫಂಕ್ಷನ್ ಬರೆಯಲ್ಪಟ್ಟಿರುವ ಮಾಡ್ಯೂಲಿನ ಡಿಕ್ಷನರಿಯಲ್ಲಿರುವ ಒಟ್ಟು’ ಎಂಬುದನ್ನು ಮಾತ್ರ ಸೂಚಿಸುತ್ತದೆ. ಆದ್ದರಿಂದ ನಿಮ್ಮ ಪ್ರೋಗ್ರಾಮಿನಲ್ಲಿ ‘ಒಟ್ಟು’ ಎಂಬ ಹೆಸರು ಮೂರು ಕಡೆ ಇದೆ: ‘ಕೋಶ’ದಲ್ಲೊಂದು, ‘ಶೋಧ’ದಲ್ಲೊಂದು, ‘ಮುಖ್ಯ’ದಲ್ಲೊಂದು.

ಇದನ್ನು ವಿಳಾಸ ಬರೆದಿಟ್ಟುಕೊಳ್ಳುವ ಪುಸ್ತಕದಂತೆ ಯೋಚಿಸಿ. ‘ಫ್ರಮ್ ಕೋಶ ಇಂಪೋರ್ಟ್ ಪದಗಳು, ಒಟ್ಟು’ ಎಂದು ಬರೆದಾಗ ‘ಶೋಧ’ವು ‘ಕೋಶ’ದ ಪುಸ್ತಕವನ್ನು ತೆರೆದು, ಆ ಕ್ಷಣದಲ್ಲಿ ಅಲ್ಲಿರುವ ಎರಡು ವಿಳಾಸಗಳನ್ನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಆ ಎರಡು ಪುಸ್ತಕಗಳ ನಡುವೆ ಯಾವ ಸಂಬಂಧವೂ ಉಳಿಯುವುದಿಲ್ಲ. ಈಗ ‘ಒಟ್ಟು += 1’ ಎಂಬ ಸಾಲನ್ನು ನೋಡಿ. ಪೈಥಾನಿನಲ್ಲಿ ಪೂರ್ಣಾಂಕವನ್ನು ಇದ್ದಲ್ಲಿಯೇ ಬದಲಿಸಲು ಬರುವುದಿಲ್ಲ. 0ಕ್ಕೆ 1 ಕೂಡಿಸಿದರೆ 1 ಎಂಬ ಬೇರೊಂದು ಆಬ್ಜೆಕ್ಟ್ ಸಿಗುತ್ತದೆ, ಮತ್ತು ‘ಶೋಧ’ದ ಪುಸ್ತಕದಲ್ಲಿ ‘ಒಟ್ಟು’ವಿನ ಮುಂದೆ ಆ ಹೊಸ ವಿಳಾಸ ಬರೆಯಲ್ಪಡುತ್ತದೆ. ‘ಕೋಶ’ದ ಪುಸ್ತಕದಲ್ಲಿಯೂ ‘ಮುಖ್ಯ’ದ ಪುಸ್ತಕದಲ್ಲಿಯೂ ಹಳೆಯ 0ಯ ವಿಳಾಸವೇ ಇರುತ್ತದೆ. ನೀವು ಕಂಡದ್ದು ಇದನ್ನೇ.

ಸೆಟ್ಟಿನ ವಿಷಯದಲ್ಲಿ ಆದದ್ದು ಬೇರೆ. ‘ಪದಗಳು.ಆ್ಯಡ್’ ಎಂದು ಕರೆದಾಗ ಯಾರ ಪುಸ್ತಕದಲ್ಲಿಯೂ ವಿಳಾಸ ಬದಲಾಗುವುದಿಲ್ಲ. ಮೂರೂ ಪುಸ್ತಕಗಳು ತೋರಿಸುತ್ತಿರುವ ಒಂದೇ ಮನೆಯ ಒಳಗೆ ಹೊಸ ಸಾಮಾನೊಂದು ಬಂದು ಸೇರುತ್ತದೆ, ಹಾಗಾಗಿ ಯಾವ ಬಾಗಿಲಿನಿಂದ ಹೋದವರಿಗೂ ಅದು ಕಾಣುತ್ತದೆ. ಆದರೆ ಇದೇ ಸೆಟ್ಟನ್ನು ಮುಂದೊಂದು ದಿನ ಖಾಲಿ ಮಾಡಲು ‘ಪದಗಳು = ಸೆಟ್()’ ಎಂದು ಬರೆದಿರೋ, ಅದು ಕೂಡ ‘ಒಟ್ಟು’ವಿನಂತೆಯೇ ಬೇರೆಯಾಗಿಬಿಡುತ್ತದೆ; ‘ಪದಗಳು.ಕ್ಲಿಯರ್()’ ಎಂದು ಬರೆದರೆ ಹಾಗಾಗುವುದಿಲ್ಲ. ನೋಡಲು ಹತ್ತಿರದ ಈ ಎರಡು ಸಾಲುಗಳ ವ್ಯತ್ಯಾಸವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ಪ್ರೋಗ್ರಾಮ್ ನಿಲ್ಲದೆ, ದೋಷದ ಸಂದೇಶವೂ ಬಾರದೆ, ತಪ್ಪು ಉತ್ತರ ಬರುವುದು ಇಂಥ ಕಡೆಗಳಲ್ಲಿಯೇ.

ಪರಿಹಾರ ಸರಳವಾಗಿದೆ. ‘ಶೋಧ’ ಮತ್ತು ‘ಮುಖ್ಯ’ ಎರಡರಲ್ಲಿಯೂ ‘ಇಂಪೋರ್ಟ್ ಕೋಶ’ ಎಂದಷ್ಟೇ ಬರೆಯಿರಿ. ಬಳಸುವಾಗ ಪ್ರತಿ ಸಲವೂ ‘ಕೋಶ.ಒಟ್ಟು += 1’ ಎಂದು ಮಾಡ್ಯೂಲಿನ ಮೂಲಕವೇ ಹೋಗಿ. ಆಗ ನಿಮ್ಮ ಪುಸ್ತಕದಲ್ಲಿ ‘ಕೋಶ’ದ ವಿಳಾಸ ಮಾತ್ರ ಇರುತ್ತದೆ, ‘ಒಟ್ಟು’ವನ್ನು ಪ್ರತಿ ಸಲವೂ ‘ಕೋಶ’ದ ಪುಸ್ತಕದಲ್ಲಿಯೇ ಹುಡುಕಲಾಗುತ್ತದೆ ಮತ್ತು ಅಲ್ಲಿಯೇ ತಿದ್ದಲಾಗುತ್ತದೆ. ಫಂಕ್ಷನ್ನಿನೊಳಗಿನ ‘ಗ್ಲೋಬಲ್’ ಘೋಷಣೆಯೂ ಬೇಕಾಗುವುದಿಲ್ಲ, ಏಕೆಂದರೆ ನೀವು ಬದಲಿಸುತ್ತಿರುವುದು ಒಂದು ಆಬ್ಜೆಕ್ಟಿನ ಗುಣವನ್ನೇ ಹೊರತು ಆ ಫಂಕ್ಷನ್ನಿನ ಹೆಸರೊಂದನ್ನಲ್ಲ. ಒಂದು ಮಾಡ್ಯೂಲನ್ನು ಎಷ್ಟು ಫೈಲುಗಳು ಇಂಪೋರ್ಟ್ ಮಾಡಿದರೂ ಅದರ ಕೋಡು ಒಂದು ಸಲ ಮಾತ್ರ ನಡೆಯುತ್ತದೆ. ಎರಡನೆಯ ಸಲದಿಂದ ‘ಸಿಸ್.ಮಾಡ್ಯೂಲ್ಸ್’ ಎಂಬ ಪಟ್ಟಿಯಲ್ಲಿರುವ ಅದೇ ಮಾಡ್ಯೂಲ್ ಆಬ್ಜೆಕ್ಟ್ ಎಲ್ಲರಿಗೂ ಸಿಗುತ್ತದೆ. ಪೈಥಾನಿನ ಅಧಿಕೃತ ದಾಖಲೆಗಳ ಪ್ರಶ್ನೋತ್ತರ ಭಾಗವೂ ಇದೇ ವಿಧಾನವನ್ನು ಹೇಳುತ್ತದೆ, ಅಂಥ ಮಾಡ್ಯೂಲಿಗೆ ‘ಕಾನ್ಫಿಗ್’ ಅಥವಾ ‘ಸಿಎಫ್‌ಜಿ’ ಎಂದು ಹೆಸರಿಡುವ ರೂಢಿಯನ್ನೂ ತಿಳಿಸುತ್ತದೆ.

ಪದಶೋಧಕ

ತುಂಗಾತೀರ ಅವರೇ, ತುಂಬ ಧನ್ಯವಾದಗಳು. ‘ಕೋಶ.ಒಟ್ಟು’ ಎಂದು ಬದಲಿಸಿದ ಕೂಡಲೇ 31,407 ಎಂಬ ಸಂಖ್ಯೆ ‘ಮುಖ್ಯ’ದಲ್ಲಿಯೂ ಬಂದಿತು.

ಅದೇ ಧೈರ್ಯದಲ್ಲಿ ಇನ್ನೊಂದು ವೇರಿಯಬಲ್ ಸೇರಿಸಿ ಮತ್ತೆ ಸಿಕ್ಕಿಕೊಂಡಿದ್ದೇನೆ. ಅಂಕಿಗಳು ಬೆರೆತಿರುವ ಪದಗಳನ್ನು ಬಿಟ್ಟುಬಿಡಬೇಕೆಂದು ಸೂಚಿಸುವ ‘ಕಟ್ಟುನಿಟ್ಟು’ ಎಂಬ ಆಯ್ಕೆಯನ್ನು ಕಮಾಂಡ್ ಲೈನಿನಿಂದ ಪಡೆಯುತ್ತೇನೆ. ಅದನ್ನು ಪಡೆಯುವುದು ‘ಮುಖ್ಯ’ವಾದ್ದರಿಂದ ವೇರಿಯಬಲ್ಲನ್ನೂ ಅಲ್ಲಿಯೇ ಇಟ್ಟೆ: ಮೇಲ್ಭಾಗದಲ್ಲಿ ‘ಕಟ್ಟುನಿಟ್ಟು = ಫಾಲ್ಸ್’, ಕೆಳಗೆ ‘ಇಫ್ __ನೇಮ್__ == "__ಮೇನ್__"’ ಎಂಬ ಭಾಗದಲ್ಲಿ ಅದು ‘ಟ್ರೂ’ ಆಗುತ್ತದೆ. ‘ಶೋಧ’ದಲ್ಲಿ ನೀವು ಹೇಳಿದಂತೆಯೇ ‘ಇಂಪೋರ್ಟ್ ಮುಖ್ಯ’ ಎಂದು ಬರೆದು ‘ಮುಖ್ಯ.ಕಟ್ಟುನಿಟ್ಟು’ ಎಂದೇ ಓದುತ್ತಿದ್ದೇನೆ. ಆದರೂ ಅದು ಯಾವಾಗಲೂ ‘ಫಾಲ್ಸ್’ ಆಗಿರುತ್ತದೆ. ಇದಕ್ಕೆ ಸಂಬಂಧವಿದೆಯೋ ಇಲ್ಲವೋ ತಿಳಿಯದು: ‘ಮುಖ್ಯ’ದ ಮೊದಲ ಸಾಲಿನಲ್ಲಿ ಮುದ್ರಿಸುವ ‘ಪದಶೋಧ ಆರಂಭ’ ಎಂಬ ಸಂದೇಶ ಈಗ ಪರದೆಯ ಮೇಲೆ ಎರಡು ಸಲ ಬರುತ್ತಿದೆ.

ಕಲ್ಲುಮಂಟಪ

ಸಂಬಂಧ ಖಂಡಿತವಾಗಿಯೂ ಇದೆ. ಎರಡು ಸಲ ಬಂದ ಆ ಸಂದೇಶವೇ ಇಲ್ಲಿ ಸಾಕ್ಷಿ. ನಿಮ್ಮ ‘ಮುಖ್ಯ’ ಫೈಲು ಒಂದೇ ಪ್ರಕ್ರಿಯೆಯಲ್ಲಿ (ಪ್ರೋಗ್ರಾಮಿನ ಒಂದೇ ಓಟದಲ್ಲಿ) ಎರಡು ಬೇರೆ ಬೇರೆ ಮಾಡ್ಯೂಲುಗಳಾಗಿ ಲೋಡ್ ಆಗಿದೆ.

ಫೈಲೊಂದನ್ನು ನೇರವಾಗಿ ನಡೆಸಿದಾಗ ಪೈಥಾನ್ ಅದನ್ನು ‘ಸಿಸ್.ಮಾಡ್ಯೂಲ್ಸ್’ ಪಟ್ಟಿಯಲ್ಲಿ ಫೈಲಿನ ಹೆಸರಿನಿಂದ ದಾಖಲಿಸುವುದಿಲ್ಲ, ‘__ಮೇನ್__’ ಎಂಬ ಹೆಸರಿನಿಂದ ದಾಖಲಿಸುತ್ತದೆ. ‘__ನೇಮ್__’ ಪರೀಕ್ಷೆ ನಡೆಯುವುದೂ ಇದರಿಂದಲೇ. ಮುಂದೆ ‘ಶೋಧ’ವು ‘ಇಂಪೋರ್ಟ್ ಮುಖ್ಯ’ ಎಂದಾಗ ಪಟ್ಟಿಯಲ್ಲಿ ‘ಮುಖ್ಯ’ ಎಂಬ ಹೆಸರೇ ಇರುವುದಿಲ್ಲವಾದ್ದರಿಂದ ಪೈಥಾನ್ ಅದೇ ಫೈಲನ್ನು ಮೊದಲಿನಿಂದ ಮತ್ತೊಮ್ಮೆ ನಡೆಸಿ ಎರಡನೆಯ ಮಾಡ್ಯೂಲನ್ನು ಸೃಷ್ಟಿಸುತ್ತದೆ. ಈ ಎರಡನೆಯದರಲ್ಲಿ ‘__ನೇಮ್__’ ಎಂಬುದು ‘ಮುಖ್ಯ’ ಆಗಿರುವುದರಿಂದ ಕಮಾಂಡ್ ಲೈನನ್ನು ಓದುವ ಭಾಗ ನಡೆಯುವುದೇ ಇಲ್ಲ, ಹಾಗಾಗಿ ಅಲ್ಲಿನ ‘ಕಟ್ಟುನಿಟ್ಟು’ ಎಂದೆಂದಿಗೂ ‘ಫಾಲ್ಸ್’. ನೀವು ‘ಟ್ರೂ’ ಮಾಡುತ್ತಿರುವುದು ಮೊದಲ ಪ್ರತಿಯಲ್ಲಿ, ‘ಶೋಧ’ ಓದುತ್ತಿರುವುದು ಎರಡನೆಯ ಪ್ರತಿಯಲ್ಲಿ.

‘ಮುಖ್ಯ’ದಲ್ಲಿ ನೀವು ‘ಇಂಪೋರ್ಟ್ ಶೋಧ’ ಎಂದು ಬರೆದಿರುವಂತೆ ತೋರುತ್ತದೆ. ಅದರ ಬದಲು ‘ಫ್ರಮ್ ಶೋಧ ಇಂಪೋರ್ಟ್ ಹುಡುಕು’ ಎಂದಿದ್ದರೆ, ಅರ್ಧ ಲೋಡ್ ಆದ ‘ಶೋಧ’ದಲ್ಲಿ ‘ಹುಡುಕು’ ಇನ್ನೂ ಸಿಗದೆ ‘ಇಂಪೋರ್ಟ್‌ಎರರ್’ ಬರುತ್ತಿತ್ತು, ವೃತ್ತಾಕಾರದ ಇಂಪೋರ್ಟ್ (ಎರಡು ಫೈಲುಗಳು ಒಂದನ್ನೊಂದು ಇಂಪೋರ್ಟ್ ಮಾಡುವುದು) ಆಗಿದೆ ಎಂಬುದು ನಿಮಗೆ ಆಗಲೇ ತಿಳಿಯುತ್ತಿತ್ತು.

ಪ್ರೋಗ್ರಾಮನ್ನು ಆರಂಭಿಸುವ ಫೈಲನ್ನು ಬೇರೆ ಯಾವ ಮಾಡ್ಯೂಲೂ ಇಂಪೋರ್ಟ್ ಮಾಡಬಾರದು. ‘ಕಟ್ಟುನಿಟ್ಟು’ವನ್ನು ‘ಕೋಶ’ಕ್ಕೆ ಸಾಗಿಸಿ, ‘ಮುಖ್ಯ’ವು ಕಮಾಂಡ್ ಲೈನನ್ನು ಓದಿ ‘ಕೋಶ.ಕಟ್ಟುನಿಟ್ಟು = ಟ್ರೂ’ ಎಂದು ಬರೆಯಲಿ, ‘ಶೋಧ’ ಅದನ್ನು ‘ಕೋಶ’ದಿಂದ ಓದಲಿ. ‘ಕೋಶ’ವು ತಾನಾಗಿ ಈ ಎರಡನ್ನೂ ಇಂಪೋರ್ಟ್ ಮಾಡದೆ ಎಲ್ಲಕ್ಕಿಂತ ಕೆಳಗೆ ಇರಲಿ.

ನಾಲ್ಕನೆಯ ಸಾಲು

ಚರ್ಚೆಯಲ್ಲಿ ಸ್ವಲ್ಪ ತಡವಾಗಿ ಸೇರುತ್ತಿದ್ದೇನೆ. ಪದಶೋಧಕರ ಮೊದಲ ಊಹೆ ಸಹಜವಾದದ್ದೇ ಎಂದು ಹೇಳುವುದು ನನ್ನ ಉದ್ದೇಶ, ಏಕೆಂದರೆ ಬೇರೆ ಭಾಷೆಗಳಿಂದ ಬಂದವರಲ್ಲಿ ಬಹಳ ಜನ ಇದೇ ಊಹೆಯನ್ನು ಹೊತ್ತುಕೊಂಡು ಬರುತ್ತಾರೆ.

ನಾನು ಸಿ ಭಾಷೆಯಲ್ಲಿ ಅನೇಕ ವರ್ಷ ಕೆಲಸ ಮಾಡಿದವನು. ಅಲ್ಲಿ ಗ್ಲೋಬಲ್ ವೇರಿಯಬಲ್ ಎಂದರೆ ನಿಜಕ್ಕೂ ಇಡೀ ಪ್ರೋಗ್ರಾಮಿಗೆ ಒಂದೇ ಜಾಗ. ಒಂದು ಫೈಲಿನಲ್ಲಿ ಅದನ್ನು ಸೃಷ್ಟಿಸುತ್ತೇವೆ, ಉಳಿದ ಫೈಲುಗಳಲ್ಲಿ ‘ಎಕ್ಸ್‌ಟರ್ನ್’ ಎಂದು ಘೋಷಿಸುತ್ತೇವೆ, ಫೈಲುಗಳನ್ನು ಒಂದುಗೂಡಿಸುವ ಲಿಂಕರ್ ಎಲ್ಲ ಹೆಸರುಗಳನ್ನೂ ಆ ಒಂದೇ ಜಾಗಕ್ಕೆ ಕಟ್ಟುತ್ತದೆ. ‘ಎಕ್ಸ್‌ಟರ್ನ್’ ಮರೆತು ಹೆಡರ್ ಫೈಲಿನಲ್ಲಿಯೇ ವೇರಿಯಬಲ್ಲನ್ನು ಬರೆದುಬಿಡುವ ತಪ್ಪನ್ನು ಜಿಸಿಸಿ ಎಂಬ ಸಿ ಕಂಪೈಲರ್ ಬಹುಕಾಲ ಸಹಿಸಿಕೊಳ್ಳುತ್ತಿತ್ತು. 2020ರಲ್ಲಿ ಬಂದ ಅದರ 10ನೆಯ ಆವೃತ್ತಿಯಿಂದ ಅಂಥ ಕೋಡು ಲಿಂಕ್ ಆಗುವಾಗ ‘ಒಂದಕ್ಕಿಂತ ಹೆಚ್ಚು ಕಡೆ ವ್ಯಾಖ್ಯಾನವಾಗಿದೆ’ ಎಂಬ ದೋಷ ಬರುತ್ತದೆ. ಸಿ ಕಲಿತವರ ಕಣ್ಣಿಗೆ ಪೈಥಾನಿನ ‘ಗ್ಲೋಬಲ್’ ಎಂಬ ಪದ ‘ಎಕ್ಸ್‌ಟರ್ನ್’ನಂತೆ ಕಾಣುತ್ತದೆ, ಅರ್ಥ ಮಾತ್ರ ಬೇರೆ.

ಜಾವಾಸ್ಕ್ರಿಪ್ಟ್ ಇನ್ನೂ ಹತ್ತಿರದ ಉದಾಹರಣೆ. 2015ರ ಪ್ರಮಾಣಿತ ಆವೃತ್ತಿಯಲ್ಲಿ ಬಂದ ಅದರ ಮಾಡ್ಯೂಲುಗಳಲ್ಲಿ ‘ಇಂಪೋರ್ಟ್’ ಮಾಡಿದ ಹೆಸರು ನಕಲಲ್ಲ, ಮೂಲಕ್ಕೆ ಜೋಡಿಸಿದ ಜೀವಂತ ಕೊಂಡಿ. ಮೂಲ ಮಾಡ್ಯೂಲ್ ತನ್ನ ಎಣಿಕೆಯನ್ನು ಹೆಚ್ಚಿಸಿದರೆ ಇಂಪೋರ್ಟ್ ಮಾಡಿದವರಿಗೆ ಹೊಸ ಬೆಲೆಯೇ ಕಾಣುತ್ತದೆ. ಆದರೆ ಇಂಪೋರ್ಟ್ ಮಾಡಿದವರು ಅದಕ್ಕೆ ಬೇರೆ ಬೆಲೆ ಕೊಡಲು ಹೋದರೆ ದೋಷ ಬರುತ್ತದೆ: ನೋಡಬಹುದು, ಮುಟ್ಟುವಂತಿಲ್ಲ. ಬದಲಿಸುವ ಹಕ್ಕು ಹುಟ್ಟಿಸಿದ ಮಾಡ್ಯೂಲಿಗೆ ಮಾತ್ರ. ಈ ನಿಯಮ ನನಗೆ ಬಹಳ ಸರಿಯೆನಿಸುತ್ತದೆ, ಮತ್ತು ಪೈಥಾನಿನಲ್ಲಿ ಭಾಷೆಯೇ ಅದನ್ನು ಹೇರದಿದ್ದರೂ ನಾವಾಗಿ ಪಾಲಿಸಬಹುದು. ‘ಕೋಶ’ದಲ್ಲಿ ‘ಎಣಿಕೆ_ಹೆಚ್ಚಿಸು’ ಎಂಬ ಫಂಕ್ಷನ್ ಬರೆದು, ಹೊರಗಿನವರು ಅದನ್ನು ಮಾತ್ರ ಕರೆಯುವಂತೆ ಮಾಡಿ. ಆ ಫಂಕ್ಷನ್ನನ್ನು ಯಾವ ಮಾಡ್ಯೂಲಿನಿಂದ ಕರೆದರೂ, ‘ಫ್ರಮ್’ ಬಳಸಿ ಇಂಪೋರ್ಟ್ ಮಾಡಿದ್ದರೂ, ಅದು ತಾನು ಹುಟ್ಟಿದ ‘ಕೋಶ’ದ ಗ್ಲೋಬಲ್ಲುಗಳನ್ನೇ ನೋಡುತ್ತದೆ. ಎಣಿಕೆ ತಪ್ಪಾದ ದಿನ ಹುಡುಕಬೇಕಾದ ಜಾಗ ಒಂದೇ ಆಗಿರುತ್ತದೆ.

ಬಿಸಿಲುಮಚ್ಚು

ಮೇಲಿನ ಉತ್ತರಗಳೆಲ್ಲ ಸರಿಯಾಗಿವೆ, ಆದರೂ ಒಂದು ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ‘ಕಟ್ಟುನಿಟ್ಟು’ ಮತ್ತು ‘ಒಟ್ಟು’ ಇವೆರಡನ್ನೂ ಒಂದೇ ಮಾಡ್ಯೂಲಿನಲ್ಲಿ ಇಡಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೊದಲನೆಯದು ಪ್ರೋಗ್ರಾಮಿನ ಆರಂಭದಲ್ಲಿ ಒಮ್ಮೆ ನಿಗದಿಯಾಗಿ ಆಮೇಲೆ ಎಲ್ಲರೂ ಓದುವಂಥದ್ದು. ಅದನ್ನು ಹಂಚಿಕೊಳ್ಳುವುದರಿಂದ ಕೇಡು ಕಡಿಮೆ. ಎರಡನೆಯದು ಕೆಲಸದ ಫಲ, ಪ್ರತಿ ಪದಕ್ಕೂ ಬದಲಾಗುತ್ತಿರುತ್ತದೆ. ಅದನ್ನು ಹಂಚಿಕೊಳ್ಳುವ ಅಗತ್ಯವೇ ಇಲ್ಲ. ‘ಹುಡುಕು’ ಫಂಕ್ಷನ್ ಒಂದು ಫೈಲಿನ ಪಠ್ಯವನ್ನು ಪಡೆದು ಪದಗಳ ಸೆಟ್ಟನ್ನೂ ಎಣಿಕೆಯನ್ನೂ ಹಿಂದಿರುಗಿಸಲಿ, ಕೂಡಿಸುವ ಕೆಲಸವನ್ನು ‘ಮುಖ್ಯ’ ಮಾಡಲಿ. ಆಗ ‘ಹುಡುಕು’ವನ್ನು ಪರೀಕ್ಷಿಸಲು ಎರಡು ಸಾಲಿನ ಪಠ್ಯ ಕೊಟ್ಟು ಉತ್ತರ ನೋಡಿದರೆ ಸಾಕು. ಈಗಿರುವಂತೆ ಬಿಟ್ಟರೆ ಹಿಂದಿನ ಪರೀಕ್ಷೆ ‘ಕೋಶ’ದಲ್ಲಿ ಬಿಟ್ಟುಹೋದ ಎಣಿಕೆಯನ್ನು ಪ್ರತಿ ಸಲವೂ ಅಳಿಸಬೇಕಾಗುತ್ತದೆ, ಒಮ್ಮೆ ಮರೆತರೆ ಪರೀಕ್ಷೆಗಳ ಕ್ರಮ ಬದಲಾದಾಗ ಉತ್ತರವೂ ಬದಲಾಗುತ್ತದೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಪತ್ರಿಕೆಗಳ ಪಠ್ಯ ಎಂದಿದ್ದೀರಿ. ಫೈಲುಗಳು ಹೆಚ್ಚಾದಂತೆ ನೀವು ‘ಮಲ್ಟಿಪ್ರೊಸೆಸಿಂಗ್’ ಬಳಸಿ ನಾಲ್ಕಾರು ಪ್ರಕ್ರಿಯೆಗಳಿಗೆ ಕೆಲಸ ಹಂಚಲು ಹೊರಡುತ್ತೀರಿ. ಆಗ ‘ಕೋಶ.ಒಟ್ಟು’ ಮತ್ತೆ 0 ಆಗುತ್ತದೆ. ಪ್ರತಿ ಪ್ರಕ್ರಿಯೆಗೂ ತನ್ನದೇ ಮೆಮೊರಿ, ತನ್ನದೇ ‘ಕೋಶ’. ಮಕ್ಕಳ ಪ್ರಕ್ರಿಯೆಯಲ್ಲಿ ಹೆಚ್ಚಿಸಿದ ಎಣಿಕೆ ತಾಯಿ ಪ್ರಕ್ರಿಯೆಗೆ ತಲಪುವುದಿಲ್ಲ. ಸೆಟ್ಟಿಗೂ ಇದೇ ಗತಿ, ಅಲ್ಲಿ ‘ಆ್ಯಡ್’ ಕೂಡ ಕಾಪಾಡುವುದಿಲ್ಲ.

‘ಕಟ್ಟುನಿಟ್ಟು’ವಿನ ಕತೆ ಇನ್ನೂ ಸೂಕ್ಷ್ಮವಾದದ್ದು. ‘ಫೋರ್ಕ್’ ವಿಧಾನದಲ್ಲಿ ಮಗುವಿನ ಪ್ರಕ್ರಿಯೆ ತಾಯಿಯ ಮೆಮೊರಿಯ ಪ್ರತಿಯೊಂದಿಗೆ ಹುಟ್ಟುವುದರಿಂದ ಅದಕ್ಕೆ ‘ಟ್ರೂ’ ಎಂಬ ಬೆಲೆ ಕಾಣುತ್ತದೆ. ವಿಂಡೋಸಿನಲ್ಲಿ, ಮತ್ತು ಪೈಥಾನ್ 3.8ರಿಂದೀಚೆಗೆ ಮ್ಯಾಕಿನಲ್ಲಿಯೂ, ಬಳಕೆಯಾಗುವ ‘ಸ್ಪಾನ್’ ವಿಧಾನದಲ್ಲಿ ಮಗು ಎಲ್ಲ ಮಾಡ್ಯೂಲುಗಳನ್ನೂ ಹೊಸದಾಗಿ ಇಂಪೋರ್ಟ್ ಮಾಡುವುದರಿಂದ ಅದಕ್ಕೆ ಕಾಣುವುದು ಫೈಲಿನಲ್ಲಿ ಬರೆದಿರುವ ‘ಫಾಲ್ಸ್’. ಲಿನಕ್ಸಿನಲ್ಲಿ ಬಹುಕಾಲ ‘ಫೋರ್ಕ್’ ಇದ್ದುದರಿಂದ ಇಂಥ ಕೋಡು ಅಲ್ಲಿ ಸುಮ್ಮನೆ ನಡೆಯುತ್ತಿತ್ತು, ಪೈಥಾನ್ 3.14ರಿಂದ ಅಲ್ಲಿಯೂ ಪೂರ್ವನಿಯೋಜಿತ ವಿಧಾನ ‘ಫೋರ್ಕ್‌ಸರ್ವರ್’ ಆಗಿದ್ದು, ತಾಯಿ ಆಮೇಲೆ ಮಾಡಿದ ಬದಲಾವಣೆಗಳು ಮಕ್ಕಳಿಗೆ ದೊರೆಯುವುದಿಲ್ಲ. ಒಂದು ಅಕ್ಷರವನ್ನೂ ಮುಟ್ಟದ ಪ್ರೋಗ್ರಾಮ್ ಪೈಥಾನ್ ಆವೃತ್ತಿ ಬದಲಾದ ಮಾತ್ರಕ್ಕೆ ಬೇರೆ ಉತ್ತರ ಕೊಡಬಹುದು. ಆದ್ದರಿಂದ ಆಯ್ಕೆಯನ್ನು ಕೂಡ ಆರ್ಗ್ಯುಮೆಂಟಾಗಿ (ಫಂಕ್ಷನ್ನನ್ನು ಕರೆಯುವಾಗ ಕೊಡುವ ಬೆಲೆಯಾಗಿ) ಕಳುಹಿಸುವುದೇ ಕ್ಷೇಮ.

ಪ್ರಕ್ರಿಯೆಗಳ ಬದಲು ಥ್ರೆಡ್ಡುಗಳನ್ನು (ಒಂದೇ ಪ್ರಕ್ರಿಯೆಯೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆಗಳನ್ನು) ಬಳಸಿದರೆ ‘ಕೋಶ’ ಒಂದೇ ಆಗಿರುತ್ತದೆ ನಿಜ, ಆದರೆ ‘ಕೋಶ.ಒಟ್ಟು += 1’ ಎಂಬುದು ಓದುವುದು, ಕೂಡಿಸುವುದು, ಬರೆಯುವುದು ಎಂಬ ಬೇರೆ ಬೇರೆ ಹೆಜ್ಜೆಗಳಾಗಿದ್ದು, ನಡುವೆ ಇನ್ನೊಂದು ಥ್ರೆಡ್ ಬಂದರೆ ಎಣಿಕೆ ಕಳೆದುಹೋಗಬಹುದು. ಅದಕ್ಕೆ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಬಿಡುವ ಲಾಕ್ ಬೇಕು.

ಇನ್ನೊಂದು ಸಣ್ಣ ಎಚ್ಚರಿಕೆ. ‘ಡೆಫ್ ಹುಡುಕು(ಪಠ್ಯ, ಕಟ್ಟುನಿಟ್ಟು=ಕೋಶ.ಕಟ್ಟುನಿಟ್ಟು)’ ಎಂದು ಬರೆಯಬೇಡಿ. ಪೂರ್ವನಿಯೋಜಿತ ಬೆಲೆಯನ್ನು ಪೈಥಾನ್ ಲೆಕ್ಕ ಹಾಕುವುದು ಫಂಕ್ಷನ್ ಹುಟ್ಟುವಾಗ ಒಮ್ಮೆ ಮಾತ್ರ. ‘ಮುಖ್ಯ’ ಆಮೇಲೆ ‘ಟ್ರೂ’ ಮಾಡಿದರೂ ಅಲ್ಲಿ ‘ಫಾಲ್ಸ್’ ಉಳಿಯುತ್ತದೆ. ತುಂಗಾತೀರ ಅವರು ಹೇಳಿದ ವಿಳಾಸದ ನಕಲು ಇಲ್ಲಿಯೂ ನಡೆಯುತ್ತದೆ, ಇಂಪೋರ್ಟಿನ ಬದಲು ಆವರಣದೊಳಗೆ.

ತುಂಗಾತೀರ

ಬಿಸಿಲುಮಚ್ಚು ಅವರ ಮಾತನ್ನು ಒಪ್ಪುತ್ತೇನೆ. ಕೇಳಿದ ಪ್ರಶ್ನೆಗೆ ಉತ್ತರಿಸುವ ಭರದಲ್ಲಿ ‘ಒಟ್ಟು’ ಅಲ್ಲಿರಬೇಕೇ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಆದರೂ ಒಂದೇ ಪ್ರಕ್ರಿಯೆಯಲ್ಲಿ ನಡೆಯುವ ಚಿಕ್ಕ ಪ್ರೋಗ್ರಾಮಿನಲ್ಲಿ ‘ಕಟ್ಟುನಿಟ್ಟು’ವಿನಂಥ ಐದಾರು ಆಯ್ಕೆಗಳನ್ನು ಪ್ರತಿ ಫಂಕ್ಷನ್ನಿಗೂ ಆರ್ಗ್ಯುಮೆಂಟಾಗಿ ಹೊರಿಸುವುದಕ್ಕಿಂತ ಒಂದು ಮಾಡ್ಯೂಲಿನಲ್ಲಿ ಇಟ್ಟು ಓದುವುದು ಓದುಗನಿಗೆ ಸುಲಭ ಎಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಪದಶೋಧಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕುಳಿತು ಪ್ರೋಗ್ರಾಮನ್ನು ತಿದ್ದಿದೆ. ‘ಹುಡುಕು’ ಈಗ ಫೈಲಿನ ಹೆಸರನ್ನೂ ಆಯ್ಕೆಯನ್ನೂ ಆರ್ಗ್ಯುಮೆಂಟಾಗಿ ಪಡೆದು ಸೆಟ್ ಮತ್ತು ಎಣಿಕೆಗಳನ್ನು ಹಿಂದಿರುಗಿಸುತ್ತದೆ. ‘ಶೋಧ’ವು ‘ಮುಖ್ಯ’ವನ್ನು ಇಂಪೋರ್ಟ್ ಮಾಡುವುದಿಲ್ಲ, ಆರಂಭದ ಸಂದೇಶವೂ ಒಂದೇ ಸಲ ಬರುತ್ತಿದೆ.

ನಾಲ್ಕು ಪ್ರಕ್ರಿಯೆಗಳಿಗೆ ಹಂಚಿ ನಡೆಸಿದಾಗ ಒಟ್ಟು ಎಣಿಕೆ ಮೊದಲಿನಂತೆಯೇ 31,407 ಬಂದಿತು. ಆದರೆ ಬೇರೆ ಬೇರೆ ಪದಗಳ ಸಂಖ್ಯೆ 4,812ರ ಬದಲು ಏಳು ಸಾವಿರ ದಾಟಿತು. ಸ್ವಲ್ಪ ಹೊತ್ತು ಗಾಬರಿಯಾಗಿ, ಆಮೇಲೆ ಕಾರಣ ಹೊಳೆಯಿತು: ಪ್ರತಿ ಫೈಲಿನ ಸೆಟ್ಟಿನ ಗಾತ್ರವನ್ನು ತೆಗೆದುಕೊಂಡು ಕೂಡಿಸುತ್ತಿದ್ದೆ, ‘ಮತ್ತು’ ಎಂಬಂಥ ಪದ ಎಲ್ಲ ಫೈಲುಗಳಲ್ಲಿಯೂ ಇರುವುದರಿಂದ ಪ್ರತಿ ಫೈಲಿಗೂ ಒಂದೊಂದು ಸಲ ಲೆಕ್ಕಕ್ಕೆ ಬರುತ್ತಿತ್ತು. ಹಂಚಿಕೊಂಡ ಒಂದೇ ಸೆಟ್ ಇದ್ದಾಗ ಆ ಕೆಲಸ ನನಗೆ ತಿಳಿಯದಂತೆಯೇ ನಡೆದುಹೋಗುತ್ತಿತ್ತು. ಈಗ ಸೆಟ್ಟುಗಳನ್ನೇ ಹಿಂದಕ್ಕೆ ತರಿಸಿಕೊಂಡು ‘ಯೂನಿಯನ್’ ಮಾಡಿ, ಕೊನೆಯಲ್ಲಿ ಒಮ್ಮೆ ಗಾತ್ರ ನೋಡುತ್ತೇನೆ. 4,812 ಬಂದಿದೆ. ‘ಕೋಶ’ದಲ್ಲಿ ಈಗ ಉಳಿದಿರುವುದು ಅಂಕಿಗಳ ಮತ್ತು ವಿರಾಮಚಿಹ್ನೆಗಳ ಪಟ್ಟಿ ಮಾತ್ರ. ಅವನ್ನು ಯಾರೂ ಬದಲಿಸುವುದಿಲ್ಲ.